ಅಯ್ಯನವರಿಗೆ ವರ್ಗವಾಯಿತು

ಮುಂಬಯಿಯ ಕನ್ನಡಿಗರಲ್ಲಿ ವರ್ಗದ ಬಿಸಿ ತಗಲದ ಮನೆ ಅಪರೂಪ. ಬ್ಯಾಂಕಿನವರು, ರೈಲ್ವೆಯವರು, ವಿಮಾ ಕಚೇರಿಯವರು, ಎಲ್ಲರೂ ಒಂದಲ್ಲ ಒಂದು ಸಲ ಗಂಟುಮೂಟೆ ಕಟ್ಟಿದವರೇ. ಆದರೆ ಕ್ರೈಸ್ತ ಸಭೆಯ ಪಾದ್ರಿಗಳಿಗೂ ವರ್ಗವಿದೆ, ಅದೂ ನಾಲ್ಕೈದು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ ಎಂಬುದು ಬಹು ಜನರಿಗೆ ತಿಳಿದಿರಲಾರದು. ನನ್ನ ಭಾವ ಕರಾವಳಿಯಲ್ಲಿ ಸಭಾಪಾಲಕರು. ಊರವರ ಬಾಯಲ್ಲಿ ‘ಅಯ್ಯನವರು’. ಅಕ್ಕನಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ, ವರ್ಗದ ಹೊತ್ತಿನಲ್ಲಿ ನಾನು ಅವರ ಮನೆಯಲ್ಲಿದ್ದುದು ಕಳೆದ ಮೇ ತಿಂಗಳಲ್ಲಿಯೇ ಮೊದಲು.

“ಬರುವುದಾದರೆ ಈಗಲೇ ಬಾ. ಮುಂದಿನ ರಜೆಗೆ ನಾವು ಉಡುಪಿ ಕಡೆ ಇರುವುದಿಲ್ಲ” ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಮತ್ಸ್ಯಗಂಧ ರೈಲು ಹತ್ತಿದೆ. ಹೋಗಿ ನೋಡಿದರೆ ಜಗಲಿಯ ತುಂಬ ರಟ್ಟಿನ ಪೆಟ್ಟಿಗೆಗಳು, ಗೋಣಿಚೀಲಗಳು, ಹಗ್ಗದ ಸುರುಳಿಗಳು. ನಡುವೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಬಟ್ಟಲುಗಳನ್ನು ಸುತ್ತುತ್ತಿದ್ದಳು.

ಈ ಪದ್ಧತಿ ಇಂದಿನದಲ್ಲ. ಮೆಥೊಡಿಸ್ಟರ ಹಿರಿಯರಾದ ಜಾನ್ ವೆಸ್ಲಿಯವರು 1784ರಲ್ಲಿ ಬರೆಯಿಸಿದ ಪತ್ರದಲ್ಲಿಯೇ, ಸಾಮಾನ್ಯ ಬೋಧಕನನ್ನು ಒಂದೇ ಕಡೆ ಸತತವಾಗಿ ಮೂರು ವರ್ಷಕ್ಕಿಂತ ಹೆಚ್ಚು ಇಡಕೂಡದೆಂಬ ಕಟ್ಟಳೆಯಿದೆ. ಅವರ ವೆಸ್ಲಿಯನ್ ಮಿಶನ್ನು ಹಳೆಯ ಮೈಸೂರು ಸೀಮೆಯಲ್ಲಿ ಬೇರೂರಿತು. ಕರಾವಳಿಗೆ ಬಾಸೆಲ್ ಮಿಶನ್ನಿನ ಮೂವರು 1834ರಲ್ಲಿ ಬಂದರು. ಆ ಮಿಶನ್ನಿನವರೂ ಒಂದೆಡೆ ನಿಂತವರಲ್ಲ. ನಮಗೆಲ್ಲ ನಿಘಂಟಿನಿಂದ ಪರಿಚಿತರಾದ ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಬಂದ ಮೇಲೆ ಧಾರವಾಡ, ಮಂಗಳೂರು, ಮಡಿಕೇರಿ ಎಂದು ವಾಸ ಬದಲಿಸುತ್ತಲೇ ಇದ್ದರು; ನಿಘಂಟು ಅಚ್ಚಾದದ್ದು 1894ರಲ್ಲಿ. ಪಾತ್ರೆಪಗಡಗಳ ಜೊತೆಗೆ ಕನ್ನಡದ ಶಬ್ದಗಳೂ ಎಷ್ಟು ಸಲ ಎತ್ತಿನ ಗಾಡಿ ಏರಿರಬೇಕೆಂದು ನೆನೆದರೆ ನನಗೆ ನಗು ಬರುತ್ತದೆ, ಕನಿಕರವೂ ಆಗುತ್ತದೆ.

1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದ ಮೇಲೆ ಕರಾವಳಿಯ ಬಾಸೆಲಿನವರೂ ಮೈಸೂರಿನ ವೆಸ್ಲಿಯನರೂ ಒಂದೇ ಛತ್ರದ ಕೆಳಗೆ ಬಂದರು. ಮೈಸೂರು ಸಭಾಪ್ರಾಂತವು 1970ರಲ್ಲಿ ಮೂರಾಯಿತು. ಅದರಲ್ಲಿ ದಕ್ಷಿಣ ಭಾಗಕ್ಕೆ ಸಮುದ್ರದ ದಂಡೆಯೂ ಸೇರಿತು, ಕೊಡಗೂ ಸೇರಿತು, ಮೈಸೂರೂ ಸೇರಿತು. ಆದ್ದರಿಂದಲೇ ತುಳು ಮಾತಾಡುವ ಸಭೆಯಲ್ಲಿ ಐದು ವರ್ಷ ಕಳೆದ ಭಾವನಿಗೆ ಘಟ್ಟದ ಮೇಲೆ, ಮೈಸೂರಿನ ಆಚೆಯ ಒಂದು ಸಣ್ಣ ಊರಿಗೆ ಬಿಷಪರ ಆದೇಶ ಬಂದದ್ದು. ಭಾಷೆ ಕನ್ನಡವೇ ಆದರೂ ಮಾತಿನ ಧಾಟಿ ಬೇರೆ, ಊಟ ಬೇರೆ. ಬಾಸೆಲಿನವರು ತಂದ ಜರ್ಮನ್ ರಾಗಗಳಿಗೆ ಒಗ್ಗಿದ ಗಂಟಲು ಅಲ್ಲಿ ಬೇರೆ ರಾಗಗಳನ್ನು ಕಲಿಯಬೇಕು.

ಸಾಮಾನು ಕಟ್ಟುವುದರಲ್ಲಿ ಅಕ್ಕ ಪಳಗಿದವಳು. ಬಂಗ್ಲೆ ಸಭೆಯದು, ಮಂಚ, ಬೀರು, ಊಟದ ಮೇಜು ಕೂಡ ಸಭೆಯದೇ. ಯಾವುದು ನಮ್ಮದು, ಯಾವುದು ಅವರದು ಎಂಬುದನ್ನು ಪಟ್ಟಿ ಹಿಡಿದು ನೋಡಬೇಕು. ಹಿಂದೊಮ್ಮೆ ಒಂದು ಊರಿನಲ್ಲಿ ಎರಡು ಕುರ್ಚಿಗಳ ಲೆಕ್ಕ ತಪ್ಪಿ, ಆರು ತಿಂಗಳು ಕಾಗದ ಪತ್ರ ನಡೆದಿತ್ತಂತೆ. ಅಂದಿನಿಂದ ತನ್ನ ಸ್ವಂತ ಸಾಮಾನುಗಳ ಅಡಿಯಲ್ಲೆಲ್ಲ ಅವಳು ಕೆಂಪು ಬಣ್ಣದ ಚುಕ್ಕಿ ಇಟ್ಟಿದ್ದಾಳೆ. ಬೀಳ್ಕೊಡುಗೆಯ ಉಡುಗೊರೆಗಳದೇ ಇನ್ನೊಂದು ಕಥೆ. ಪ್ರತಿ ಊರಿನವರೂ ಪ್ರೀತಿಯಿಂದ ಕೊಟ್ಟದ್ದು ಗೋಡೆ ಗಡಿಯಾರವೇ! ಐದು ಗಡಿಯಾರಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತ, “ನಮ್ಮ ಮನೆಯಲ್ಲಿ ಹೊತ್ತಿಗೆ ಮಾತ್ರ ಬರವಿಲ್ಲ ನೋಡು” ಎಂದಳು.

ಕಡೆಯುವ ಕಲ್ಲು ಬರಲೇಬೇಕು. ಒಂದು ಮೂಟೆ ಕುಚ್ಚಲಕ್ಕಿ, ಹಲಸಿನ ಹಪ್ಪಳದ ಡಬ್ಬ, ಮಿಡಿ ಉಪ್ಪಿನಕಾಯಿಯ ಎರಡು ಭರಣಿ, ಇವೂ ಬರಬೇಕು. ಹಿತ್ತಿಲಿನ ಬಸಳೆ ಚಪ್ಪರ ಬರುವಂತಿಲ್ಲ; ಬಳ್ಳಿಯ ನಾಲ್ಕು ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟಳು. ನಾಲ್ಕು ಬಂಗ್ಲೆಗಳಲ್ಲಿ ಅಕ್ಕ ತೆಂಗಿನ ಸಸಿ ನೆಟ್ಟಿದ್ದಾಳೆ. ಒಂದರ ಎಳನೀರನ್ನೂ ಅವಳು ಕುಡಿದಿಲ್ಲ. ಈ ಸಲ ನೆಟ್ಟದ್ದು ಅವಳ ಸೊಂಟದೆತ್ತರ ಬಂದಿತ್ತು.

ಇವೆಲ್ಲ ಹಗಲಿನ ಕೆಲಸ. ರಾತ್ರಿ ಊಟವಾದ ಮೇಲೆ ಭಾವ ದೀಪದ ಕೆಳಗೆ ಕುಳಿತು ಮಾಡುತ್ತಿದ್ದುದು ಬೇರೆ ಬಗೆಯ ಕಟ್ಟಾಟ. ದೀಕ್ಷಾಸ್ನಾನದ ದಾಖಲೆ, ಮದುವೆಯ ದಾಖಲೆ, ಸಮಾಧಿಯ ದಾಖಲೆ, ಈ ಮೂರು ದೊಡ್ಡ ಪುಸ್ತಕಗಳನ್ನು ಸರಿನೋಡಿ, ರುಜು ಹಾಕಿ ಮುಂದಿನವರಿಗೆ ಒಪ್ಪಿಸಬೇಕು. ಯಾರದೋ ಪಾಸ್‌ಪೋರ್ಟಿಗೆ, ಯಾರದೋ ಆಸ್ತಿಯ ತಕರಾರಿಗೆ ಐವತ್ತು ವರ್ಷದ ಮೇಲೂ ಈ ಪುಸ್ತಕ ಬೇಕಾಗುತ್ತದೆ.

ಅದು ಮುಗಿದ ಮೇಲೆ ಒಂದು ನೋಟುಪುಸ್ತಕ. ಹೊಸದಾಗಿ ಬರುವ ಅಯ್ಯನವರಿಗೆಂದು ಬರೆಯುತ್ತಿದ್ದುದು: ಹಾಸಿಗೆ ಹಿಡಿದವರು ಯಾರು, ಯಾರಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಯಾವ ಅಜ್ಜಿಗೆ ಕಿವಿ ಕೇಳಿಸದು, ಯಾರ ಮಗ ಗಲ್ಫಿನಿಂದ ಮಾತಾಡದೆ ಎರಡು ವರ್ಷವಾಯಿತು. ಒಂದು ರಾತ್ರಿ ನಾನು ನೋಡುತ್ತಿದ್ದಂತೆ, ಬರೆದ ಎರಡು ಹಾಳೆಗಳನ್ನು ಹರಿದು ಒಲೆಗೆ ಹಾಕಿದರು.

“ಯಾಕೆ ಭಾವ?” ಎಂದೆ.

“ಅದು ಇಲ್ಲಿಯವರ ಜಗಳಗಳ ಪಟ್ಟಿ ಕಣಮ್ಮಾ. ಕಾಯಿಲೆಯನ್ನು ತಿಳಿಸಬೇಕು. ಜಗಳವನ್ನು ಹೊಸಬರಿಗೆ ವರ್ಗ ಮಾಡಬಾರದು. ಅವರ ಕಣ್ಣಿಗೆ ಎಲ್ಲರೂ ಒಮ್ಮೆ ಹೊಸಬರಾಗಿ ಕಾಣಲಿ” ಎಂದರು.

ಮರುದಿನ ಸಂಜೆ ಒಬ್ಬ ಹುಡುಗಿ ತಾಯಿಯೊಡನೆ ಬಂದಳು. ನವೆಂಬರಿಗೆ ಮದುವೆ ಗೊತ್ತಾಗಿದೆ, ಅಯ್ಯನವರೇ ಬಂದು ನಡೆಸಿಕೊಡಬೇಕು ಎಂದು ಕೇಳಿದಳು. ಅವಳ ತಂದೆ ತೀರಿಕೊಂಡಾಗ ಮೂರು ರಾತ್ರಿ ಆ ಮನೆಯಲ್ಲಿ ಕುಳಿತವರು ಭಾವ. ಆದರೂ ಒಪ್ಪಲಿಲ್ಲ. “ಹೊಸ ಅಯ್ಯನವರನ್ನು ಕೇಳು ಮಗಳೇ. ಅವರಾಗಿ ನನ್ನನ್ನು ಕರೆದರೆ ಬಂದು ಹಿಂದೆ ಕೂತು ಆಶೀರ್ವಾದ ಮಾಡುತ್ತೇನೆ” ಎಂದರು. ಹುಡುಗಿ ಕಣ್ಣೊರೆಸಿಕೊಂಡು ಹೋದಳು. ನನಗೆ ಸಿಟ್ಟೇ ಬಂತು. ಇಷ್ಟು ಕಲ್ಲುಮನಸ್ಸು ಯಾಕೆಂದು ಅಕ್ಕನೊಡನೆ ವಾದಿಸಿದೆ. ಬಿಟ್ಟು ಹೋದ ಸಭೆಯ ಮದುವೆ ಮಣ್ಣುಗಳಿಗೆ ಹಳಬರು ಓಡಿ ಬರುತ್ತಿದ್ದರೆ ಹೊಸಬರು ಅಲ್ಲಿ ಬೇರೂರುವುದು ಹೇಗೆ ಎಂಬುದು ಈ ವೃತ್ತಿಯವರ ಮರ್ಯಾದೆಯಂತೆ. “ಆ ಹುಡುಗಿಗಿಂತ ಹೆಚ್ಚು ಅತ್ತವರು ಇವರು. ಹಿತ್ತಿಲಿಗೆ ಹೋಗಿದ್ದಾರೆ, ಈಗ ಮಾತಾಡಿಸಬೇಡ” ಎಂದಳು ಅಕ್ಕ.

ಮಗಳ ವಿಷಯವನ್ನು ಇನ್ನೂ ಹೇಳಲಿಲ್ಲ. ಅವಳು ಹತ್ತನೆಯ ತರಗತಿಗೆ ಬಂದಿದ್ದಾಳೆ. ಇದು ಅವಳ ಮೂರನೆಯ ಶಾಲೆ. ಒಂದೇ ಒಂದು ವರ್ಷ ತಡೆದು ವರ್ಗ ಮಾಡಿ ಎಂದು ಬಿಷಪರನ್ನು ಕೇಳಿಕೊಳ್ಳಬಹುದಿತ್ತು, ಹಾಗೆ ಕೇಳುವವರೂ ಇದ್ದಾರೆ. ಭಾವ ಅರ್ಜಿ ಬರೆದು ಮೇಜಿನ ಮೇಲಿಟ್ಟು ನಾಲ್ಕು ದಿನ ನೋಡಿದರಂತೆ. ಆ ಊರಿನಲ್ಲಿ ಎಂಟು ತಿಂಗಳಿಂದ ಸಭಾಪಾಲಕರಿಲ್ಲ. ಸತ್ತವರನ್ನು ಹೂಳುವುದಕ್ಕೂ ಪಕ್ಕದ ಊರಿನಿಂದ ಅಯ್ಯನವರು ಬರಬೇಕು. ಅರ್ಜಿ ಹೋಗಲಿಲ್ಲ. ಹುಡುಗಿಯನ್ನು ಮಂಗಳೂರಿನಲ್ಲಿ ಅಜ್ಜಿಯ ಮನೆಯಲ್ಲಿ ಬಿಡುವುದೆಂದು ತೀರ್ಮಾನವಾಯಿತು.

ಅವಳು ಹಟ ಮಾಡಲಿಲ್ಲ, ಅಳಲಿಲ್ಲ. ಒಂದು ಮಧ್ಯಾಹ್ನ ಮಾತ್ರ ನನ್ನನ್ನು ಕೇಳಿದಳು: “ಚಿಕ್ಕಮ್ಮ, ಕಾಲೇಜಿನಲ್ಲಿ ಸ್ವಂತ ಊರು ಯಾವುದೆಂದು ಕೇಳಿದರೆ ನಾನು ಏನು ಬರೆಯಲಿ?” ಮುಂಬಯಿಯಲ್ಲಿ ಮೂವತ್ತು ವರ್ಷ ಇದ್ದ ನನಗೇ ಆ ಪ್ರಶ್ನೆಗೆ ಉತ್ತರ ಹೊಳೆಯದು. ಏನನ್ನೂ ಹೇಳದೆ ಅವಳ ಜಡೆ ಹೆಣೆದೆ.

ಸ್ವಂತ ಊರಿನ ಮಾತು ದೊಡ್ಡವರನ್ನೂ ಬಿಟ್ಟಿಲ್ಲ. ನಿವೃತ್ತಿಯ ದಿನ ಬಂಗ್ಲೆಯ ಬೀಗದ ಕೈ ಕೊಟ್ಟು ಹೊರಬಿದ್ದರೆ ತಲೆಯ ಮೇಲೆ ಸೂರು ಎಲ್ಲಿ? ಐದು ಸೆಂಟ್ಸ್ ಜಾಗವಾದರೂ ಕೊಳ್ಳಬೇಕೆಂದು ಅಕ್ಕ ಹತ್ತು ವರ್ಷದಿಂದ ಚೀಟಿ ಕಟ್ಟುತ್ತಿದ್ದಾಳೆ. ಜಾಗದ ಬೆಲೆ ಅವಳ ಚೀಟಿಗಿಂತ ಮುಂದೆ ಮುಂದೆ ಓಡುತ್ತಿದೆ. ನಮ್ಮಲ್ಲಿ ಡೊಂಬಿವಲಿಯ ಒಂದು ಕೋಣೆಗಾಗಿ ಬೆವರು ಸುರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗೆ ಮೊದಲೇ ಘಟ್ಟ ಏರಬೇಕೆಂದು ಮೇ ಕೊನೆಯ ವಾರಕ್ಕೆ ಲಾರಿ ಗೊತ್ತು ಮಾಡಿದ್ದರು. 2018ರ ಆಗಸ್ಟಿನಲ್ಲಿ ಸಂಪಾಜೆಯ ದಾರಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿಹೋದುದನ್ನು ಕಂಡವರು ಮಳೆಗಾಲದ ಘಟ್ಟವನ್ನು ನಂಬುವುದಿಲ್ಲ. ಹಿಂದಿನ ದಿನ ಆ ಕಡೆಯಿಂದ ಫೋನು ಬಂತು. ಗಟ್ಟಿ ಧ್ವನಿಯ ಒಬ್ಬ ಹೆಂಗಸು: “ಅಮ್ಮನವ್ರೇ, ಬಂಗ್ಲೆಗೆ ಸುಣ್ಣ ಹೊಡ್ಸಿದೀವಿ, ತೊಟ್ಟಿ ತೊಳ್ಸಿದೀವಿ. ರಾತ್ರಿ ಊಟ ನಮ್ದೇ. ಮುದ್ದೆ ಉಣ್ತೀರಾ, ಇಲ್ಲ ಅನ್ನವೇ ಮಾಡ್ಲಾ?” ಅಕ್ಕ ತುಸು ತಡೆದು, “ಮುದ್ದೆಯೇ ಮಾಡಿ, ಕಲಿಯುತ್ತೇವೆ” ಎಂದಳು. ಫೋನು ಇಟ್ಟ ಮೇಲೆ ಅವಳ ಮುಖದಲ್ಲಿ ಆ ವಾರದ ಮೊದಲ ನಗು ಕಂಡೆ.

ಬೆಳಗ್ಗೆ ಐದಕ್ಕೇ ಸಭೆಯ ಹುಡುಗರು ಬಂದು ಸಾಮಾನು ಏರಿಸಿದರು. ಹೆಂಗಸರು ತಿಂಡಿ ತಂದರು, ಗಂಡಸರು ಹಗ್ಗ ಬಿಗಿದರು. ಸಣ್ಣದೊಂದು ಪ್ರಾರ್ಥನೆಯಾಯಿತು. ಅಕ್ಕ ಎಲ್ಲ ಕೋಣೆಗಳನ್ನೂ ಒಮ್ಮೆ ಗುಡಿಸಿ ಬಂದಳು; ಮುಂದಿನ ಅಮ್ಮನವರು ಕಸ ಕಾಣಬಾರದಂತೆ. ಸಭೆಯ ಕಾರ್ಯದರ್ಶಿಗಳ ಕೈಗೆ ಬೀಗದ ಕೈ ಹೋಯಿತು. ಹುಡುಗಿಯ ಹಾಸಿಗೆ, ಪುಸ್ತಕದ ಪೆಟ್ಟಿಗೆ ಮಾತ್ರ ಲಾರಿಗೆ ಏರದೆ ಜಗಲಿಯಲ್ಲಿ ಉಳಿದವು. ಅವನ್ನೂ ಅವಳನ್ನೂ ಕರೆದುಕೊಂಡು ಮಂಗಳೂರಿನ ಬಸ್ಸು ಹತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ರಾತ್ರಿ ಹತ್ತಕ್ಕೆ ಅಕ್ಕನ ಫೋನು. ಸುಖವಾಗಿ ಮುಟ್ಟಿದರಂತೆ. ಉಪ್ಪಿನಕಾಯಿಯ ಒಂದು ಭರಣಿ ಒಡೆದಿದೆ, ಬಸಳೆ ಬಾಡಿಲ್ಲ. ಭಾವ ಉಂಡ ಕೈ ತೊಳೆದವರೇ ಹೊಸ ನೋಟುಪುಸ್ತಕ ತೆಗೆದು, ಹಾಸಿಗೆ ಹಿಡಿದವರ ಮನೆಗಳಿಗೆ ದಾರಿ ಕೇಳುತ್ತ ಕುಳಿತಿದ್ದಾರೆ. ಇಷ್ಟು ಹೇಳಿ, “ಅವಳು ಮಲಗಿದಳೇ?” ಎಂದಳು. ಹುಡುಗಿ ಪಕ್ಕದಲ್ಲಿಯೇ ಎಚ್ಚರವಾಗಿದ್ದಳು. ಫೋನನ್ನು ಅವಳ ಕೈಗೆ ಕೊಟ್ಟು ನಾನು ಹೊರಗೆ ಬಂದೆ.