ನಿಮಗಿದು ಗೊತ್ತೇ? ಬಂದು ಹೋಗುವ ಲಕ್ವಾ

ರೊಟ್ಟಿ ಬಡಿಯುವ ಕೈ ಏಕಾಏಕಿ ಸೋತು, ಮಾತು ತೊದಲಿ, ಹತ್ತು ನಿಮಿಷದಲ್ಲಿ ಎಲ್ಲ ಮೊದಲಿನಂತಾದರೆ ಅದನ್ನು ದಣಿವು ಎಂದು ಬಿಡಬೇಡಿ. ಮಿದುಳಿನ ರಕ್ತನಾಳ ಕಟ್ಟಿಕೊಂಡು ತಾನಾಗಿ ತೆರೆದಿರಬಹುದು. ವೈದ್ಯರು ಟಿಐಎ ಎನ್ನುವ ಕಿರು ಲಕ್ವಾ ಇದೇ.

ಕಿರು ಲಕ್ವಾ ಅಥವಾ ಸೌಮ್ಯ ಲಕ್ವಾ ಆದವರನ್ನು ಆಕ್ಸ್‌ಫರ್ಡ್‌ನ ಪೀಟರ್ ರಾಥ್‌ವೆಲ್ ತಂಡ ಅಧ್ಯಯನ ಮಾಡಿತು. ಮೊದಲು ಔಷಧ ಶುರುವಾಗಲು ಸಾಮಾನ್ಯವಾಗಿ 20 ದಿನ ಹಿಡಿಯುತ್ತಿತ್ತು. ಅದನ್ನು 1 ದಿನಕ್ಕೆ ಇಳಿಸಿದರು. 90 ದಿನಗಳೊಳಗೆ ಮತ್ತೆ ಲಕ್ವಾ ಹೊಡೆಯುವವರು ನೂರಕ್ಕೆ 10.3ರಿಂದ 2.1ಕ್ಕೆ ಇಳಿದರು! ಔಷಧಗಳೇನೂ ಹೊಸವಲ್ಲ: ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಬಿಪಿ ಮತ್ತು ಕೊಬ್ಬು ಇಳಿಸುವ ಮಾತ್ರೆಗಳು. 2007ರ ಈ ವರದಿ ಪ್ರತಿ ಊರಿನ ದವಾಖಾನೆಯ ಗೋಡೆಯ ಮೇಲಿರಬೇಕು.

ಹಾಗೆಂದು ಮನೆಯಲ್ಲೇ ಆಸ್ಪಿರಿನ್ ನುಂಗಬೇಡಿ. ರಕ್ತನಾಳ ಒಡೆದರೂ ಲಕ್ಷಣ ಹೀಗೇ ಇರುತ್ತದೆ. ಸಿಟಿ ಸ್ಕ್ಯಾನ್ ನೋಡದೆ ತಿಳಿಯದು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರ ಆರೋಗ್ಯವನ್ನು 1948ರಿಂದ ಗಮನಿಸಲಾಗುತ್ತಿದೆ. ಅಲ್ಲಿ ಕಿರು ಲಕ್ವಾದ ನಂತರ ದೊಡ್ಡದು ಹೊಡೆದವರಲ್ಲಿ ಐದರಲ್ಲೊಬ್ಬರಿಗೆ ಅದು ವಾರದೊಳಗೇ ಬಂತು; ಹತ್ತಿರ ಅರ್ಧದಷ್ಟು ಜನರಿಗೆ ವರ್ಷ ಕಳೆದ ಮೇಲೆ. ಆರಾಮಾಯಿತೆಂದು ಮಾತ್ರೆ ಬಿಡುವವರು ಇದನ್ನು ಎರಡು ಸಲ ಓದಿ.

ಗೊತ್ತೇ ಆಗದ ಲಕ್ವಾವೂ ಉಂಟು. ಅದೇ ಊರಿನ 2,000ಕ್ಕೂ ಹೆಚ್ಚು ಜನರ ಎಂಆರ್‌ಐ ತೆಗೆದಾಗ, ಸುಮಾರು ಹತ್ತರಲ್ಲೊಬ್ಬರ ಮಿದುಳಿನಲ್ಲಿ ಹಳೆಯ ಗುರುತು ಸಿಕ್ಕಿತು.

32 ದೇಶಗಳ ‘ಇಂಟರ್‌ಸ್ಟ್ರೋಕ್’ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಕೂಡ ಪಾಲುಗೊಂಡಿತ್ತು. ಹತ್ತು ಕಾರಣಗಳೇ ನೂರಕ್ಕೆ 90ರಷ್ಟು ಲಕ್ವಾಗಳ ಹಿಂದಿವೆ ಎಂದು ಆ ಅಧ್ಯಯನ 2016ರಲ್ಲಿ ತಿಳಿಸಿತು. ಮೊದಲನೆಯದು ಬಿಪಿ. ಧೂಮಪಾನವೂ ಪಟ್ಟಿಯಲ್ಲಿದೆ. ಬೀಡಿ ಕಟ್ಟುವ ಸೋಲಾಪುರ ಇದನ್ನು ಕೇಳಿಸಿಕೊಳ್ಳಲಿ.

ಮಹಾರಾಷ್ಟ್ರದ್ದೇ ಗಡಚಿರೋಲಿಯ 86 ಹಳ್ಳಿಗಳನ್ನು ಅಧ್ಯಯನ ಮಾಡಿದಾಗ, ಅಲ್ಲಿ ಎಲ್ಲಕ್ಕಿಂತ ಹೆಚ್ಚು ಜೀವ ತೆಗೆದದ್ದು ಲಕ್ವಾ: ಏಳು ಸಾವಿನಲ್ಲಿ ಒಂದು.

ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ. ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಸುಮಾರು 40 ಕಿ.ಮೀ.; ಒಂದು ತಾಸು ಹಿಡಿದರೆ 11 ಕೋಟಿಗೂ ಹೆಚ್ಚು. ಲಕ್ವಾಕ್ಕೆ ಮದ್ದೆಂದು ಪಾರಿವಾಳದ ರಕ್ತ ಹಚ್ಚುತ್ತ ಕೂರುವಷ್ಟು ಪುರಸೊತ್ತು ಎಲ್ಲಿದೆ? 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಗಡುವು. ಈ ಲೆಕ್ಕ ಶುರುವಾಗುವುದು ರೋಗಿ ಕೊನೆಯದಾಗಿ ಚೆನ್ನಾಗಿದ್ದ ಹೊತ್ತಿನಿಂದ. ನಿದ್ದೆಯಲ್ಲಿ ಹೊಡೆದಿದ್ದರೆ, ಮಲಗಿದ ವೇಳೆಯನ್ನೇ ವೈದ್ಯರಿಗೆ ಹೇಳಿ.