ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆಯನಲ್ಲ

ಆಲಮಟ್ಟಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಿದರೆ ಮುಳುಗಡೆಯಾಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ದರ ಗೊತ್ತುಮಾಡಿತು: ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಇಷ್ಟು ಹಣದ ಮಾತು ಬಂದಾಗ ಬಾಗಲಕೋಟೆ ಸೀಮೆಯ ಒಂದು ಹಳೆಯ ನಂಬಿಕೆ ಮನೆ ಒಡೆಯುವಷ್ಟು ಅಪಾಯಕಾರಿಯಾಗುತ್ತದೆ. ಅಪ್ಪ ತೀರಿದ ಮೇಲೆ ಉತಾರದಲ್ಲಿ ಯಾರ ಹೆಸರು ಏರಿತೋ, ಮೃತ್ಯುಪತ್ರದಲ್ಲಿ ಯಾರನ್ನು ಜಾರಿದಾರನೆಂದು ಬರೆದರೋ ಅವನೇ ಒಡೆಯ ಎಂಬ ನಂಬಿಕೆ ಅದು. ಹೆಚ್ಚಾಗಿ ಆ ಹೆಸರು ಹಿರಿಯಣ್ಣನದು.

ಉತಾರ ಕಂದಾಯದ ದಾಖಲೆ. ಅದು ಮಾಲೀಕತ್ವ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಓಡಾಟ ತಪ್ಪಲೆಂದು ವಾರಸಾದಲ್ಲಿ ಅಣ್ಣನೊಬ್ಬನ ಹೆಸರು ಹಾಕಿಸಿದರೆ ತಂಗಿಯ ಪಾಲು ಕರಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಮನೆತನಗಳಲ್ಲಿ, ಅಪ್ಪ ಮೃತ್ಯುಪತ್ರ ಬರೆಯದೆ ಹೋದರೆ ಅವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೂ ಪ್ರತಿ ಮಗ, ಮಗಳಿಗೂ, ಬದುಕಿದ್ದರೆ ಅವನ ತಾಯಿಗೂ ಸಮಪಾಲು. ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ತಿದ್ದುಪಡಿಗೆ ಮೊದಲೇ ಅಪ್ಪ ತೀರಿದ್ದರೂ ಆ ಹಕ್ಕು ಉಂಟೆಂದು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಸ್ಪಷ್ಟಪಡಿಸಿತು. ಪರಿಹಾರದ ವಿಷಯದಲ್ಲಂತೂ 2013ರ ಭೂಸ್ವಾಧೀನ ಕಾಯ್ದೆಯೇ ಬಾಯಿ ಬಿಟ್ಟು ಹೇಳಿದೆ: ಹಣ ಯಾರ ಕೈಗೆ ಹೋದರೂ, ನಿಜವಾದ ಹಕ್ಕುದಾರರಿಗೆ ಅದನ್ನು ಮುಟ್ಟಿಸುವ ಹೊಣೆಯಿಂದ ಪಡೆದವನು ಪಾರಾಗುವುದಿಲ್ಲ.

ಮೃತ್ಯುಪತ್ರದ ಜಾರಿದಾರನ ಸ್ಥಾನವೂ ಇಂಥದೇ. ಭಾರತೀಯ ಉತ್ತರಾಧಿಕಾರ ಕಾಯ್ದೆ ಆಸ್ತಿಯನ್ನು ಅವನ ವಶಕ್ಕೆ ಕೊಡುವುದು ತೀರಿಕೊಂಡವರ ಪ್ರತಿನಿಧಿಯೆಂದು; ಪತ್ರದಲ್ಲಿ ಬರೆದದ್ದಕ್ಕಿಂತ ಒಂದು ಗುಂಟೆಯೂ ಅವನಿಗೆ ಹೆಚ್ಚು ಸಿಗುವುದಿಲ್ಲ. ಬರಬೇಕಾದ ಬಾಕಿ ವಸೂಲಿ ಮಾಡಿ, ಅಂತ್ಯಕ್ರಿಯೆಯ ಖರ್ಚು ತೆಗೆದು, ಸೊಸೈಟಿಯ ಬೆಳೆಸಾಲವೂ ಸೇರಿ ಎಲ್ಲ ಸಾಲ ತೀರಿಸಿದ ಮೇಲೆಯೇ ಹಂಚಿಕೆ. ಈ ಕೆಲಸಕ್ಕೆಂದೇ ಕಾನೂನು ಮರಣದಿಂದ ಒಂದು ವರ್ಷದ ಅವಕಾಶ ಕೊಟ್ಟಿದೆ. ಹುನಗುಂದ, ಬಾದಾಮಿಯಲ್ಲಿ ಹಿಂದೂಗಳು ಬರೆದ ಇಲ್ಲಿನ ಆಸ್ತಿಯ ಮೃತ್ಯುಪತ್ರಕ್ಕೆ ಪ್ರೊಬೇಟ್, ಅಂದರೆ ಕೋರ್ಟಿನ ದೃಢೀಕರಣ, ಕಡ್ಡಾಯವಲ್ಲ, ನಿಜ. ಆದರೆ ಕೋರ್ಟಿನ ಮೆಟ್ಟಿಲು ತಪ್ಪಿತೆಂದರೆ ಲೆಕ್ಕ ಕೊಡುವುದೂ ತಪ್ಪಿತೆಂದಲ್ಲ. ಅಪ್ಪನೂ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನಷ್ಟೇ ಬರೆಯಬಲ್ಲ. ಇಳಕಲ್ಲಿನಲ್ಲಿ ಅವ್ವ ತನ್ನ ದುಡಿಮೆಯಿಂದ ಕೊಂಡ ಮಗ್ಗ, ಮನೆಯನ್ನು ಅಪ್ಪನ ಮೃತ್ಯುಪತ್ರ ಮುಟ್ಟಲಾರದು.

ತಂಗಿಗೆ ಪಾಲು ಕೊಡುವ ಮಾತೆತ್ತಿದರೆ, ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದ್ದೇವಲ್ಲ ಎಂಬುದು ಮೊದಲ ಆಕ್ಷೇಪ. ಮದುವೆಯ ಖರ್ಚು ವಾಟ್ನಿ, ಅಂದರೆ ಆಸ್ತಿಯ ಪಾಲುಹಂಚಿಕೆ, ಅಲ್ಲ. ತಂಗಿ ಹಕ್ಕು ಬಿಡುವುದಾದರೆ ಮನಸಾರೆ ಒಪ್ಪಿ ನೋಂದಾಯಿತ ಪತ್ರ ಬರೆದುಕೊಡಬೇಕು. ಆಗಲೇ ಬಾಯಿಮಾತಿನಲ್ಲಿ ವಾಟ್ನಿ ಆಗಿತ್ತು ಎಂಬ ವಾದವನ್ನು ನ್ಯಾಯಾಲಯ ಸುಲಭಕ್ಕೆ ಒಪ್ಪುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಾದ ವಾಟ್ನಿಗೆ ಮಾತ್ರ ಪೂರ್ತಿ ರಕ್ಷಣೆ. ಇನ್ನು ಅವಳು ಹೊರಗಿನವರಿಗೆ ಮಾರಿಬಿಟ್ಟರೆ ಎಂಬ ಭಯ. ಇದು ಹುರುಳಿಲ್ಲದ ಭಯವೇನಲ್ಲ, ಆದರೆ ಅದಕ್ಕೂ ದಾರಿಯಿದೆ: ಅಪ್ಪನಿಂದ ಒಟ್ಟಿಗೆ ಬಂದ ಪಾಲನ್ನು ಒಬ್ಬರು ಮಾರುವಾಗ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದು, ಅದು ಕೃಷಿ ಜಮೀನಿಗೂ ಅನ್ವಯಿಸುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಡಿದ ಅಣ್ಣನಿಗೆ ಅನ್ಯಾಯವಲ್ಲವೇ? ಅವನು ತೀರಿಸಿದ ಅಪ್ಪನ ಸಾಲವನ್ನು ರಸೀದಿಯ ಸಮೇತ ಲೆಕ್ಕದಲ್ಲಿ ತೋರಿಸಿ ಕೇಳಬಹುದು, ಕೇಳಲೇಬೇಕು. ಒಮ್ಮತ ಆಗದಿದ್ದರೆ ಪರಿಹಾರ ಹಂಚುವ ಮೊದಲೇ ಭೂಸ್ವಾಧೀನಾಧಿಕಾರಿಗೆ ತಕರಾರು ಬರೆದುಕೊಡಬೇಕು. ಆಗ ವಿವಾದದ ಮೊತ್ತ ಯಾರ ಖಾತೆಗೂ ಹೋಗದೆ ಆ ಕಾಯ್ದೆಯಡಿಯ ಭೂಸ್ವಾಧೀನ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ.