ಎರಡು ಬೆರಳಗಲ

ರೋಹಿಣಿ ಮಳೆಯ ಮೊದಲ ಹನಿ ಬಿದ್ದ ಮೇಲೇ ಹೊಸನಗರದ ಜೀಪಿನವರಿಗೆ ಟೈರಿನ ನೆನಪಾಗುವುದು. ಊರಾಚೆ ರಸ್ತೆ ಹೊರಳುವಲ್ಲಿ ಸಾಬ್ರ ತಗಡಿನ ಶೆಡ್ಡಿದೆ. ಒಳಗೆ ಬಲಗೋಡೆಗೆ ಹೊಸ ಟೈರುಗಳು, ಮೈಮೇಲಿನ ರಬ್ಬರ್ ಕೂದಲು ಇನ್ನೂ ಉದುರದವು. ಹೊರಗೆ, ಮಾಡಿನ ಇಳಿಜಾರಿಗೆ ಹಳೆಯವು, ಆಳೆತ್ತರಕ್ಕೆ ಪೇರಿಸಿದ್ದು. ರಾತ್ರಿಯ ಮಳೆ ಅವುಗಳ ಹೊಟ್ಟೆಯಲ್ಲಿ ನಿಂತಿತ್ತು. ಕೆಲಸದ ಹುಡುಗ ಒಂದೊಂದನ್ನೇ ಬಗ್ಗಿಸಿ ನೀರು ಚೆಲ್ಲುತ್ತಿದ್ದರೆ ಸೊಳ್ಳೆಗಳು ಗುಂಯ್ಯೆಂದು ಏಳುತ್ತಿದ್ದವು. ಗಾಳಿ ಯಂತ್ರದ ಸದ್ದು, ಸಲ್ಯೂಷನ್ನಿನ ವಾಸನೆ, ಪಕ್ಕದ ಹಲಸಿನ ಮರದಿಂದ ಬಂದ ಹಣ್ಣಿನ ಘಮ ಎಲ್ಲ ಒಟ್ಟಿಗೆ ಕಲಸಿಕೊಂಡಿದ್ದವು.

ನನ್ನ ಪಂಚರ್ ಆದ ಚಕ್ರ ನೀರಿನ ತೊಟ್ಟಿಯಲ್ಲಿ ಮುಳುಗಿ ಗುಳ್ಳೆ ಬಿಡುತ್ತಿತ್ತು. ಅಷ್ಟರಲ್ಲಿ ಮೈಯೆಲ್ಲ ಕೆಮ್ಮಣ್ಣಾದ ಬೊಲೆರೊ ಒಂದು ಬಂದು ನಿಂತಿತು. ಕೊಡಚಾದ್ರಿಗೆ ಜನ ಹತ್ತಿಸುವ ಗಾಡಿ, ಫೋರ್ ವೀಲ್. ಇಳಿದವನಿಗೆ ಮೂವತ್ತರ ಪ್ರಾಯ.

"ಸಾಬ್ರೇ, ಹಿಂದಿಂದ್ಕೆ ಎರಡು ಸೆಕೆಂಡ್ಸ್ ಬೇಕಿತ್ತು. ಬಟನ್ ಚೆನ್ನಾಗಿರೋದು. ಹೊಸದು ಆಗೂದಿಲ್ಲ ಈ ಸಲ, ಮಕ್ಕಳ ಶಾಲೆ ಶುರುವಾಯ್ತು."

ಅವನ ಮಾತಿನಲ್ಲಿ ಅಂಗಲಾಚಿಕೆ ಇರಲಿಲ್ಲ, ಲೆಕ್ಕವಿತ್ತು. ಕೊಡಚಾದ್ರಿಯ ಎತ್ತರ 1343 ಮೀಟರ್. ಕೊನೆಯ ಏರಿನಲ್ಲಿ ರಸ್ತೆ ಎಂದು ಕರೆಯುವುದು ನೀರು ಕೊರೆದ ಕಾಲುವೆಯನ್ನು. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ, ನಡುವೆ ಉರುಟುಗಲ್ಲು. ಆ ದಾರಿಯಲ್ಲಿ ಟೈರು ಕಿಲೋಮೀಟರಿನ ಲೆಕ್ಕದಲ್ಲಿ ಸವೆಯುವುದಿಲ್ಲ, ಕಲ್ಲಿನ ಲೆಕ್ಕದಲ್ಲಿ ಹರಿಯುತ್ತದೆ. ಆರು ತಿಂಗಳಲ್ಲಿ ಟೈರು ಹರಿಯುವ ಚಕ್ರಕ್ಕೆ ಪ್ರತಿ ಸಲ ಹೊಸದನ್ನೇ ತೊಡಿಸಲು ಬಾಡಿಗೆ ಗಾಡಿಯವನಿಗೆ ಎಲ್ಲಿ ಸಾಧ್ಯ? ಹಳೆಯದನ್ನು ಕೊಳ್ಳುವವರನ್ನು ಜಿಪುಣರೆಂದು ಜರೆಯುವವರು ಒಮ್ಮೆ ಆ ಏರನ್ನು ನೋಡಬೇಕು.

ಸಾಬ್ರು ರಾಶಿಯಿಂದ ಒಂದನ್ನು ಎಳೆಸಿದರು. ಕರ್ರಗೆ ಮಿರುಗುತ್ತಿತ್ತು, ಗೀರುಗಳು ಆಳವಾಗಿದ್ದವು. ಗಾಡಿಯವನ ಕಣ್ಣು ಅರಳಿತು. ಸಾಬ್ರು ಹೆಬ್ಬೆರಳಿನ ಉಗುರನ್ನು ಗೀರಿನ ತಳಕ್ಕಿಟ್ಟು ಎಳೆದರು. "ಇದು ಕೊಯ್ದಿದ್ದು ತಮ್ಮಾ. ಯಾವನೋ ಲಾಟಿನಲ್ಲಿ ಸೇರಿಸಿ ಕಳಿಸಿದಾನೆ." ಸವೆದ ಟೈರಿಗೆ ಕಾದ ಅಲಗಿನಿಂದ ಗೀರನ್ನು ಮತ್ತೆ ಆಳ ಮಾಡಿ, ಮೇಲೆ ಕಪ್ಪು ಪಾಲಿಶ್ ಬಳಿದು ಮಾರುವುದು ಈ ವ್ಯಾಪಾರದ ಹಳೆಯ ಮೋಸ. ಗೀರಿನ ತಳದಲ್ಲಿ ಅಲ್ಲಲ್ಲಿ ಪುಟ್ಟ ಅಡ್ಡಗಟ್ಟೆಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ಅವು ಎಲ್ಲಿವೆಯೆಂದು ಟೈರಿನ ಭುಜದ ಮೇಲೆ ಗುರುತೂ ಇರುತ್ತದೆ. ಬಟನ್, ಅಂದರೆ ನೆಲ ಕಚ್ಚುವ ಉಬ್ಬು, ಸವೆದು ಆ ಗಟ್ಟೆಯ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಸ್ಸು ಮುಗಿಯಿತು, ಕಾನೂನಿನ ಪ್ರಕಾರವೂ ಅಷ್ಟೆ. ಅಲಗು ಆಡಿಸಿದವನು ಈ ಗಟ್ಟೆಗಳನ್ನೂ ಕೊಯ್ದು ಹಾಕಿದ್ದ. ಒಳಗಿನ ದಾರದ ಪದರಕ್ಕೆ ಕಾಗದದಷ್ಟು ರಬ್ಬರೂ ಉಳಿದಿರಲಾರದು. ಎಂಟು ಜನರನ್ನು ಕೂರಿಸಿಕೊಂಡು ಕಣಿವೆಯ ಅಂಚಿನಲ್ಲಿ ಹೋಗುವ ಗಾಡಿಗೆ ಇಂಥದನ್ನು ಮಾರುವ ಕೈಯನ್ನು ನನಗೆ ಕ್ಷಮಿಸಲಾಗುವುದಿಲ್ಲ.

ಎರಡನೆಯದರ ಬಟನ್ ನಿಜವಾಗಿಯೂ ತುಂಬಿಕೊಂಡಿತ್ತು. ಸಾಬ್ರು ಅದರ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಡಾಕಾರದ ಗೆರೆಯೊಳಗಿನ ನಾಲ್ಕು ಅಂಕಿ ತೋರಿಸಿದರು: 3114. ಎತ್ತು ಕೊಳ್ಳುವವನು ಬಾಯಿ ಅಗಲಿಸಿ ಹಲ್ಲು ನೋಡುವ ಹಾಗೆ ಟೈರು ಕೊಳ್ಳುವವನು ನೋಡಬೇಕಾದದ್ದು ಇದನ್ನು. 2014ನೇ ಇಸವಿಯ 31ನೇ ವಾರ ಹುಟ್ಟಿದ್ದು. ಹತ್ತು ವರ್ಷ ದಾಟಿದ ಟೈರನ್ನು ಬಟನ್ ಎಷ್ಟೇ ಇದ್ದರೂ ತೆಗೆಯಿರಿ ಎಂದು ಮಾಡಿದ ಕಂಪನಿಗಳೇ ಹೇಳುತ್ತವೆ. ಯಾರದೋ ಕೊಟ್ಟಿಗೆಯಲ್ಲಿ ನಿಂತೇ ಮುದಿಯಾದದ್ದಿರಬೇಕು. ಸಾಬ್ರು ಅದರ ಗೋಡೆಯನ್ನು ಮಂಡಿಯಿಂದ ಒತ್ತಿದಾಗ ಬೇಸಿಗೆಯ ಗದ್ದೆಯಂತೆ ಸಣ್ಣ ಬಿರುಕುಗಳು ಬಾಯಿಬಿಟ್ಟವು.

ಮಳೆಗಾಲದಲ್ಲಿ ಈ ಬಿರುಕೇ ಕಂಟಕ. ಕೆಸರಿಗಿಳಿಯುವ ಮುಂಚೆ ಜೀಪಿನವರು ಟೈರಿನ ಗಾಳಿ ಇಳಿಸುತ್ತಾರೆ, ಮೂವತ್ತು ಪೌಂಡಿನಿಂದ ಇಪ್ಪತ್ತರ ಆಸುಪಾಸಿಗೆ. ಆಗ ಟೈರು ಅಗಲವಾಗಿ ನೆಲವನ್ನು ತಬ್ಬುತ್ತದೆ. ಆದರೆ ಆ ತಬ್ಬುವಿಕೆಯೆಲ್ಲ ಗೋಡೆ ಬಾಗುವುದರಿಂದ ಆಗುವುದು. ಬಾಗಲಾರದ ಮುದಿ ಗೋಡೆ ಕಲ್ಲಿನ ಮೂಲೆಗೆ ಸಿಕ್ಕರೆ ಬಾಯಿಬಿಡುತ್ತದೆ, ಗೋಡೆ ಹರಿದದ್ದಕ್ಕೆ ಯಾವ ಪ್ಯಾಚೂ ನಿಲ್ಲುವುದಿಲ್ಲ. ಮೈ ಗಟ್ಟಿಯಾದ ರಬ್ಬರು ಪಾಚಿಗಲ್ಲನ್ನು ಹಿಡಿಯುವುದೂ ಇಲ್ಲ.

ಮೂರನೆಯ ಜೋಡಿ ಚೆನ್ನಾಗಿತ್ತು. ಮೂರು ವರ್ಷದ್ದು. ಸಾಬ್ರು ಒಳಗೆ ಕೈಯಾಡಿಸಿ ಪ್ಯಾಚಿಲ್ಲ, ಉಬ್ಬಿಲ್ಲ ಎಂದರು. ಗಾಡಿಯವನು ಜೇಬಿಗೆ ಕೈಹಾಕಿದ. ಆದರೆ ಸಾಬ್ರು ಗೂಟಕ್ಕೆ ನೇತುಹಾಕಿದ್ದ ಹುರಿ ತೆಗೆದು ಆ ಟೈರಿನ ಸುತ್ತಳತೆ ಹಿಡಿದು ಗಂಟು ಹಾಕಿದರು. ಆಮೇಲೆ ಗಾಡಿಯ ಮುಂದಿನ ಚಕ್ರಕ್ಕೆ ಜಾಕಿ ಕೊಡಿಸಿ ಅದೇ ಹುರಿ ಸುತ್ತಿದರು. ಗಂಟು ಎರಡು ಬೆರಳಗಲ ಆಚೆ ಬಂತು.

"ನೋಡಿದೆಯಲ್ಲ. ಮುಂದಿನವು ಇಷ್ಟು ಸವೆದಿವೆ. ಹಿಂದಕ್ಕೆ ಇದನ್ನು ಹಾಕಿದರೆ ಒಂದು ನೊಗಕ್ಕೆ ಎತ್ತರದ ಎತ್ತು, ಗಿಡ್ಡ ಎತ್ತು ಕಟ್ಟಿದ ಹಾಗೆ."

ಆ ಎರಡು ಬೆರಳನ್ನು ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಆ ಗಾಡಿಯ ಟೈರು 215/75 ಆರ್ 15, ಹೊಸದಿದ್ದಾಗ ಸುತ್ತಳತೆ ಸುಮಾರು 2.21 ಮೀಟರ್. ಬಟನ್ ಆರು ಮಿಲಿಮೀಟರ್ ಸವೆದರೆ ಸುತ್ತಳತೆ ಸುಮಾರು 38 ಮಿಲಿಮೀಟರ್ ತಗ್ಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಹಿಂದಿನ ಚಕ್ರ 452 ಸುತ್ತು ಹಾಕಿದರೆ ಮುಂದಿನದು 460. ಎರಡೇ ಚಕ್ರ ಎಳೆಯುವ ಗಾಡಿಗೆ ಇದರಿಂದ ಬಾಧೆಯಿಲ್ಲ. ಫೋರ್ ವೀಲ್ ಹಾಕಿದ ಗಳಿಗೆಯಲ್ಲಿ ಮಾತ್ರ ಈ ಜೀಪುಗಳ ಮುಂದಿನ ಅಚ್ಚು, ಹಿಂದಿನ ಅಚ್ಚು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡು ಒಂದೇ ವೇಗದಲ್ಲಿ ತಿರುಗಬೇಕು. ಹೆಚ್ಚಾದ ಎಂಟು ಸುತ್ತು ಎಲ್ಲಿಗೆ ಹೋಗಬೇಕು? ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಹೊಂದಿಸಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಆ ಹಟವೆಲ್ಲ ಗೇರಿನ ಹಲ್ಲುಗಳ ಮೇಲೆ ಕೂರುತ್ತದೆ.

ನನಗಿದು ಹೊಸ ಪಾಠವಲ್ಲ. ಕೆಲವು ವರ್ಷದ ಹಿಂದೆ ನಮ್ಮ ಜೀಪಿನ ಹಿಂದಕ್ಕೆ ಎರಡು ಹೊಸ ಟೈರು ಹಾಕಿಸಿ, ಮುಂದಿನ ಹಳೆಯದನ್ನೇ ಉಳಿಸಿಕೊಂಡಿದ್ದೆ. ತೋಟದ ಕೆಸರು ದಾಟಿ ಡಾಂಬರಿಗೆ ಬಂದ ಮೇಲೆ ಫೋರ್ ವೀಲ್ ಕಡ್ಡಿ ಎಳೆದರೆ ಬರಲೊಲ್ಲದು. ನಾಲ್ಕಾರು ಮಾರು ಹಿಂದಕ್ಕೆ ಓಡಿಸಿದಾಗ ಟಕ್ಕೆಂದು ಬಿಟ್ಟಿತು. ಹಾಗೇ ಎರಡು ಮಳೆಗಾಲ ಓಡಿಸಿದೆ. ಮೂರನೆಯದರಲ್ಲಿ ಗೇರಿನ ಹಲ್ಲುಗಳು ಉದುರಿದವು. ಆ ರಿಪೇರಿಯ ದುಡ್ಡಿನಲ್ಲಿ ನಾಲ್ಕು ಟೈರೂ ಹೊಸದೇ ಬರುತ್ತಿತ್ತು. ಅಂದಿನಿಂದ ಯಾರಾದರೂ ಹೊಸದೋ ಹಳೆಯದೋ ಎಂದು ಕೇಳಿದರೆ, ನಾಲ್ಕೂ ಒಂದೇ ಸಮ ಇವೆಯೋ ಎಂದು ನಾನು ತಿರುಗಿ ಕೇಳುತ್ತೇನೆ. ಕೈಯಲ್ಲಿ ದುಡ್ಡಿದ್ದವರು ನಾಲ್ಕು ಹೊಸದನ್ನೇ ಹಾಕಿಸಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಇಲ್ಲದವರು ಒಂದೇ ಗಾಡಿಯಿಂದ ಇಳಿದ ನಾಲ್ಕನ್ನು ಹುಡುಕಲಿ.

ಸಾಬ್ರ ಶೆಡ್ಡಿನ ಅಟ್ಟದ ಮೇಲೆ ಅಂಥ ನಾಲ್ಕು ಇದ್ದವು. ಕೊಪ್ಪದ ಕಡೆಯ ತೋಟದವರೊಬ್ಬರು ಅಗಲದ ಟೈರಿನ ಆಸೆಗೆ ಬಿಚ್ಚಿಸಿ ಬಿಟ್ಟುಹೋದದ್ದು. ನಾಲ್ಕರ ಮೇಲೂ ಒಂದೇ ಅಂಕಿ, ಹುರಿಯ ಗಂಟು ನಾಲ್ಕಕ್ಕೂ ಒಂದೇ ಜಾಗದಲ್ಲಿ ಕೂತಿತು. ದರ ಎರಡು ಹೊಸದಕ್ಕೆ ಸಮ. ಗಾಡಿಯವನು ಸುಮ್ಮನೆ ನಿಂತ. ಸಾಬ್ರು ಅವನ ಮುಖ ನೋಡದೆ, "ಅರ್ಧ ಈಗ ಕೊಡು, ಅರ್ಧ ದಸರಾ ಕಳೆದ ಮೇಲೆ" ಎಂದರು. ಬಿಚ್ಚಿದವುಗಳಲ್ಲಿ ವಾಸಿಯಾದದ್ದು ಸ್ಟೆಪ್ನಿಯಾಯಿತು. "ಅದು ಪಂಚರ್ ಅಂಗಡಿ ಮುಟ್ಟೋವರೆಗೆ ಮಾತ್ರ. ಅದನ್ನು ಹಾಕ್ಕೊಂಡು ಡಾಂಬರಲ್ಲಿ ಫೋರ್ ವೀಲ್ ಹೊಡೀಬೇಡ."

ಮೋಡ ಕವಿದು ಹನಿಯೊಡೆಯಿತು. ಶೆಡ್ಡಿನ ಹಿಂದೆ ಹೊಸ ಮನೆಗೆ ಮಣ್ಣು ಸುರಿದ ಜಾಗದಲ್ಲಿ ಗಾಡಿಯವನು ಫೋರ್ ವೀಲ್ ಹಾಕಿ ಎರಡು ಸುತ್ತು ಹೊಡೆದು, ರಸ್ತೆಗೆ ಹತ್ತಿ, ಕಿಟಕಿಯಿಂದ ನಮ್ಮತ್ತ ನೋಡಿ ಕಡ್ಡಿ ಎಳೆದ. ಎರಡೇ ಬೆರಳಿಗೆ ಬಂತು.